ಎಳ್ಳಮವಾಸಿಯ ಟಾಂಗಾ ಶರ್ಯತ್ತು

೬ ಅಕ್ಟೋಬರ್ ೧೯೯೮, ಮಂಗಳವಾರ

ಇಂಡಿಗೆ ಬಂದು ಇಂದಿಗೆ ಇಪ್ಪತ್ತೆರಡು ದಿನ. ಇಪ್ಪತ್ತೆಂಟು ವರ್ಷ ವಿಜಾಪುರದಲ್ಲಿ ಒಂದು ದಿನವೂ ತಡವಾಗಿ ಹೋಗದೆ, ಒಂದು ಕಾಗದವನ್ನೂ ಕಳೆಯದೆ ದುಡಿದವಳಿಗೆ ಸರಕಾರ ಕೊಟ್ಟ ಬಹುಮಾನ ಈ ವರ್ಗಾವಣೆ. ಅದೂ ನಿವೃತ್ತಿಗೆ ನಾಲ್ಕೇ ವರ್ಷ ಇರುವಾಗ, ಮಗಳು ದಾನೇಶ್ವರಿ ವಿಜಾಪುರದಲ್ಲಿ ಚೊಚ್ಚಲ ಬಸುರಿಯಾಗಿರುವಾಗ. ನಾನು ಮಾಡಿದ ತಪ್ಪು ಇಷ್ಟೇ: ದೊಡ್ಡವರೊಬ್ಬರು ಹೋಗದ ಊರಿಗೆ ಹೋಗಿ ಬಂದೆನೆಂದು ಬರೆದ ಪ್ರಯಾಣಭತ್ಯೆಯ ಕಾಗದಕ್ಕೆ ಸಹಿ ಹಾಕಲಿಲ್ಲ.

ಇವತ್ತು ತಾಲ್ಲೂಕು ಪಂಚಾಯಿತಿಯಲ್ಲಿ ನನ್ನ ಮೇಜಿನ ಮೇಲೆ ಹೊಸ ಫೈಲು ಬಂದು ಕೂತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಕುದುರೆ' ಎಂದು ಬರೆದಿತ್ತು. ಯಾರೋ ಚೇಷ್ಟೆ ಮಾಡಿದ್ದಾರೆಂದು ಸಿಟ್ಟು ಬಂತು. ಚೇಷ್ಟೆಯಲ್ಲ. ವಿಧಾನಸಭೆಗೆ ಒಂದು ಮಸೂದೆ ಬಂದಿದೆಯಂತೆ, 'ಗ್ರಾಮೀಣ ಕುದುರೆ ಓಟ ಚಾಂಪಿಯನ್‌ಷಿಪ್ (ಅನುದಾನ ಮತ್ತು ಆತಿಥ್ಯ) ಮಸೂದೆ'. ಪ್ರತಿ ವರ್ಷ ಒಂದು ತಾಲ್ಲೂಕಿನಲ್ಲಿ ರಾಜ್ಯಮಟ್ಟದ ಓಟ, ಖರ್ಚೆಲ್ಲ ಸರಕಾರದ್ದು. ನಮ್ಮ ಕಡೆಯ ಟಾಂಗಾ ಶರ್ಯತ್ತೂ ಅದರಲ್ಲಿರಬೇಕೆಂದು ಇಲ್ಲಿಯ ಶಾಸಕರು ಪಟ್ಟು ಹಿಡಿದಿದ್ದಾರೆ. ಟಾಂಗಾ ಓಟವೆಂದರೆ ಮೂಕಪ್ರಾಣಿಗೆ ಹಿಂಸೆ, ಅದನ್ನು ತೆಗೆದುಹಾಕಿ ಎಂದು ಎದುರು ಪಕ್ಷದವರ ಪಟ್ಟು. ಹಾಗಾಗಿ ಆಯ್ಕೆ ಸಮಿತಿಯೊಂದು ಬಂದು ಕಣ್ಣಾರೆ ನೋಡಿ ತೀರ್ಮಾನ ಹೇಳುತ್ತದೆ. ಮೊದಲ ಓಟ ತಮಗೇ ಬೇಕೆಂದಿರುವ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಬರೀ ಮೈದಾನ ತೋರಿಸುತ್ತಾರೆ. ಶರ್ಯತ್ತು ಓಡಿಸಿ ತೋರಿಸುವ ಭಾರ ಇಂಡಿಯದು. ಅಂದರೆ ನನ್ನದು.

ನಮ್ಮ ಕಾರ್ಯನಿರ್ವಾಹಕ ಅಧಿಕಾರಿ ಶ್ರೀಶೈಲ ಸಾಹೇಬರಿಗೆ ನನ್ನ ಮಗಳ ವಯಸ್ಸು. "ಮೇಡಂ, ಇದೊಂದು ಫೈಲ್ ಚೊಕ್ಕ ಮಾಡಿ ಮುಗಿಸಿಕೊಡ್ರಿ. ನಿಮ್ಮನ್ನ ವಾಪಸ್ ವಿಜಾಪುರಕ್ಕ ಕಳಸಾಕ ನಾನs ಶಿಫಾರಸ್ ಬರೀತೇನಿ" ಎಂದರು.

ಕುದುರೆ ಕಂಡರೆ ನನಗಾಗದು. ಒಂಬತ್ತು ವರ್ಷದವಳಿದ್ದಾಗ ವಿಜಾಪುರದ ಟಾಂಗಾ ನಿಲ್ದಾಣದಲ್ಲಿ ಒಂದು ಕುದುರೆ ನನ್ನ ಬಲಗೈಯ ತೋರುಬೆರಳು ಕಚ್ಚಿತ್ತು. ಅದು ಇನ್ನೂ ಡೊಂಕಾಗಿಯೇ ಇದೆ. ಈ ದಿನಚರಿ ಬರೆಯುತ್ತಿರುವುದೂ ಆ ಡೊಂಕು ಬೆರಳಿನಿಂದಲೇ. ವರ್ಗಾವಣೆಯ ಅರ್ಜಿ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ತಾರೀಖು ಹಾಕುವುದೊಂದು ಬಾಕಿ.

೯ ಅಕ್ಟೋಬರ್, ಶುಕ್ರವಾರ

ಟಾಂಗಾ ನಿಲ್ದಾಣಕ್ಕೆ ಹೋಗಿ ಬಂದೆ. ರಸ್ತೆಯ ಈಚೆ ಬದಿಯಲ್ಲೇ ನಿಂತು ಮಾತಾಡಿದೆ. ವಾಸನೆ ಮೂಗಿಗೆ ಹತ್ತಿ ಮಧ್ಯಾಹ್ನದ ಊಟ ಸೇರಲಿಲ್ಲ.

ಮೊದಲು ಇಲ್ಲಿ ಅರವತ್ತು ಟಾಂಗಾ ಇದ್ದವಂತೆ. ಈಗ ಹನ್ನೊಂದು. ರೈಲ್ವೆ ಸ್ಟೇಷನ್ನಿಗೆ ಹೋಗುವವರೆಲ್ಲ ಟಂಟಂ ರಿಕ್ಷಾ ಹತ್ತುತ್ತಾರೆ. ಟಾಂಗಾದವರ ಹಿರಿಯ ಮುರ್ತುಜಾಸಾಬ. ಅರವತ್ತು ದಾಟಿದ ಒಣಕಲು ಮನುಷ್ಯ, ಗಡ್ಡಕ್ಕೆ ಮೆಹಂದಿ. ಅವನದೊಂದು ಬಿಳಿ ಹೆಣ್ಣುಕುದುರೆ ಇದೆ. ಬಾಡಿಗೆ ಇಲ್ಲದ ಮೇಲೆ ಕುದುರೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ.

"ಶರ್ಯತ್ತ ಐತೆಂತ ಇಟಗೊಂಡೀವ್ರಿ ಅಕ್ಕಾರ. ವರ್ಷದಾಗ ನಾಕ ಸಲ ಓಡಿಸ್ತೀವಿ. ಮಂದಿ ಹೆಸರ ಹಿಡದ ಕರೀತಾರ, ಗೆದ್ದಾವಗ ನಿಶಾನಿ ಕೊಡ್ತಾರ. ಅದೂ ನಿಂತ್ರ ಮೀರಜದಿಂದ ಯಾಪಾರಿ ಬಂದ ಹಗ್ಗಾ ಬಿಚಗೊಂಡ ಹೋಗ್ತಾನ."

"ಎಲ್ಲಿಗೆ ಒಯ್ಯುತ್ತಾನೆ?"

ಅವನು ಕುದುರೆಯ ಹಣೆಯ ಕೂದಲು ಸರಿ ಮಾಡಿದ. ನಾನು ಮತ್ತೆ ಕೇಳಲಿಲ್ಲ. ಫೈಲಿಗೆ ಅದು ಬೇಕಾಗಿಯೂ ಇಲ್ಲ.

೧೩ ಅಕ್ಟೋಬರ್

ಸಮಿತಿಗೆ ತುಂಬಿ ಕಳಿಸುವ ನಮೂನೆಯಲ್ಲಿ ಹತ್ತೊಂಬತ್ತು ಕಾಲಂ. ಹನ್ನೆರಡನೆಯದರಲ್ಲಿ 'ಕುದುರೆಗಳ ವಿಶ್ರಾಂತಿ ಗೃಹ' ಎಂದಿದೆ. ತಾಲ್ಲೂಕು ಪಂಚಾಯಿತಿಯ ಹೆಣ್ಣುಮಕ್ಕಳಿಗೇ ವಿಶ್ರಾಂತಿ ಕೊಠಡಿ ಇಲ್ಲ. 'ಬೇವಿನ ಮರ' ಎಂದು ಬರೆದೆ.

೨೩ ಅಕ್ಟೋಬರ್, ಶುಕ್ರವಾರ

ಅನುಬಂಧ ಮೂರರಲ್ಲಿ ಸ್ಥಳೀಯ ರೂಢಿ ನಿಯಮಗಳನ್ನು ಬರೆಯಬೇಕು. ಮುರ್ತುಜಾಸಾಬನನ್ನು ಆಫೀಸಿಗೆ ಕರೆಸಿದೆ. ಕುರ್ಚಿ ಕೊಟ್ಟರೂ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತೇ ಹೇಳಿದ. ಒಳ್ಳೆ ಮೇಷ್ಟ್ರಂತೆ ಬರೆಸುತ್ತಾನೆ.

ಒಂದು: ಚಾಬೂಕಿನ ತುದಿಗೆ ಕೆಂಪು ಅರಿವೆ ಕಟ್ಟಬೇಕು. ಎತ್ತಿ ಬೀಸಬೇಕೇ ಹೊರತು ಮೈಗೆ ತಾಗಿಸುವಂತಿಲ್ಲ. ಎರಡು: ಓಟ ಮುಗಿದ ಮೇಲೆ ಹಿರಿಯರು ಕುದುರೆಯ ಮೈ ಸವರಿ ನೋಡುತ್ತಾರೆ, ಒಂದು ಬಾಸುಂಡೆ ಸಿಕ್ಕರೂ ಗೆದ್ದ ನಿಶಾನೆ ವಾಪಸ್ಸು. ಮೂರು: ನೀರು ಕುಡಿಸಿದ ಕೂಡಲೇ ಓಡಿಸಬಾರದು. ಇಷ್ಟೂ ಒಪ್ಪಿದೆ. ನಾಲ್ಕನೆಯದಕ್ಕೆ ಪೆನ್ನು ನಿಂತಿತು.

"ಕುದರಿ ಒಲ್ಲೆ ಅಂದ್ರ ಒಲ್ಲೆರಿ. ಗಾಡಿ ಬಿಚ್ಚೂದು. ಯಾರೂ ಕೇಳಂಗಿಲ್ಲ, ಯಾರೂ ನಗಂಗಿಲ್ಲ."

"ಒಲ್ಲೆ ಅಂತ ಅದೇನು ಬಾಯಿಲೆ ಹೇಳತೈತೇನ್ರಿ?" ಎಂದೆ. ಇಂಡಿಗೆ ಬಂದ ಮೇಲೆ ನನ್ನ ಮಾತೂ ಹೀಗಾಗಿದೆ.

"ನಿಮಗ ಸಾಹೇಬ್ರು ಕೆಲಸಾ ಹಚ್ಚಿದಾಗ ನೀವು ಬಾಯಿಲೆ ಹೇಳ್ತೀರೇನ್ರಿ ಅಕ್ಕಾರ? ಮಾರಿ ಮ್ಯಾಲ ಕಾಣತೈತೆಲ್ಲಾ!"

ಹೊರಗೆ ಕೂತ ಜವಾನ ಭೀಮು ಪಕಪಕ ನಕ್ಕ. ಅವನನ್ನು ಗದರಿಸಿದೆ. ಮುರ್ತುಜಾಸಾಬ ನಗಲಿಲ್ಲ. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ ಅದರ ಮೇಲಿನ ಭಾರ ತೆಗೆದರೆ, ಎರಡೂ ಕಿವಿ ಎರಡು ಕಡೆ ಜೋತುಬಿದ್ದರೆ, ಕರೆದರೂ ಕಿವಿ ಇತ್ತ ತಿರುಗದಿದ್ದರೆ ಅದು ಒಲ್ಲೆ ಎಂದ ಹಾಗೆ ಎಂದು ವಿವರಿಸಿದ. ಬರೆದುಕೊಂಡೆ. ಅವನು ಹೋದ ಮೇಲೆ ನಾಲ್ಕನೆಯ ನಿಯಮದ ಮೇಲೆ ಅಡ್ಡಗೆರೆ ಎಳೆದೆ. ಶಾಸನಕ್ಕೆ ಕೊಡುವ ಕಾಗದದಲ್ಲಿ ಕುದುರೆ ಒಲ್ಲೆ ಅಂದರೆ ಎಂದು ಬರೆದರೆ ಬೆಂಗಳೂರಿನವರು ನಗುತ್ತಾರೆ. ಮೂರೇ ನಿಯಮ ಟೈಪು ಮಾಡಿಸಿ ಕಳಿಸಿದೆ. ಕರಡು ನನ್ನ ಚೀಲದಲ್ಲಿದೆ, ನಾನು ಕಾಗದ ಎಸೆಯುವವಳಲ್ಲ.

೪ ನವೆಂಬರ್, ಬುಧವಾರ

ಮೈದಾನ ಅಳೆಯಲು ಝಳಕಿ ರಸ್ತೆಗೆ ಹೋಗಿದ್ದೆವು. ಟಾಂಗಾದಲ್ಲಿ ಬರುತ್ತೀರಾ ಎಂದು ಮುರ್ತುಜಾಸಾಬ ಕರೆದ. ಸರಕಾರಿ ಜೀಪು ಕೆಟ್ಟಿತ್ತು, ಆದರೂ ನಡೆದೇ ಹೋದೆ. ಅವನು ಟಾಂಗಾವನ್ನು ನನ್ನ ಪಕ್ಕದಲ್ಲೇ ನಿಧಾನವಾಗಿ ನಡೆಸಿಕೊಂಡು ಬಂದ. ಕೊನೆಗೆ ನನ್ನ ಬೆರಳಿನ ಕತೆ ಹೇಳಬೇಕಾಯಿತು.

"ಕೈಯಾಗ ಏನಿತ್ರಿ ಅವಾಗ?"

"ಬೆಲ್ಲ."

"ಮುಷ್ಟ್ಯಾಗ ಹಿಡಿದಿದ್ರೇನು?"

ಮುಷ್ಟಿಯಲ್ಲೇ ಹಿಡಿದಿದ್ದೆ. ಎರಡು ಬೆರಳ ಸಂದಿಯಿಂದ ತುಣುಕು ಹೊರಗೆ ಕಾಣುತ್ತಿತ್ತು. ನಲವತ್ತೈದು ವರ್ಷದ ಹಿಂದಿನದು, ಆದರೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಕುದರಿಗೆ ತನ್ನ ಬಾಯಿ ಮುಂದಿಂದು ಕಾಣಂಗಿಲ್ರಿ ಅಕ್ಕಾರ. ಅದು ತುಟೀಲೆ ಮುಟ್ಟಿ ನೋಡತೈತಿ. ಬೆರಳ ಯಾವ್ದು ಬೆಲ್ಲ ಯಾವ್ದು ಅಂತ ಅದಕ್ಕ ಹ್ಯಾಂಗ ತಿಳೀಬೇಕು? ಅಂಗೈ ಬಿಚ್ಚಿ ಕೊಡಬೇಕ್ರಿ. ಯಾರೂ ನಿಮಗ ಹೇಳಿಕೊಡ್ಲಿಲ್ಲ, ಅಷ್ಟ."

ಇದು ಯಾವ ಮಾತು! ಕಚ್ಚಿದ್ದು ಅದು, ತಪ್ಪು ನನ್ನದೇ? ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ. ಅಂಗೈ ಬಿಚ್ಚಿ ನೋಡಿಕೊಂಡೆ. ಪೂರ್ತಿ ಬಿಚ್ಚಿದರೂ ಆ ಬೆರಳು ನೆಟ್ಟಗಾಗುವುದಿಲ್ಲ.

೧೧ ನವೆಂಬರ್

ಮನೆಯೊಡತಿ ಶಂಕ್ರೆವ್ವ ಒಂದು ಪೆಂಟೆ ಹೊಸ ಬೆಲ್ಲ ಕೊಟ್ಟಿದ್ದಾಳೆ. ಒಬ್ಬಳೇ ಎಷ್ಟು ತಿನ್ನಲಿ, ಇರುವೆ ಹತ್ತುತ್ತಿವೆ. ಆಫೀಸಿಗೆ ಹೋಗುವಾಗ ಎರಡು ತುಣುಕು ಟಾಂಗಾ ನಿಲ್ದಾಣದ ಕಟ್ಟೆಯ ಮೇಲೆ ಇಟ್ಟು ಬಂದೆ. ಸುಮ್ಮನೆ ಹಾಳಾಗುವುದು ಬೇಡವೆಂದು.

೧೭ ನವೆಂಬರ್, ಮಂಗಳವಾರ

ಬೆಂಗಳೂರಿನಿಂದ ಪತ್ರ ಬಂದಿದೆ. ಸಮಿತಿ ಡಿಸೆಂಬರ್ ೧೪ರಿಂದ ೨೦ರೊಳಗೆ ಬರುತ್ತದಂತೆ, ಅನುಕೂಲದ ತಾರೀಖು ತಿಳಿಸಿ ಎಂದಿದ್ದಾರೆ. ಪಂಚಾಂಗ ತೆಗೆದು ನೋಡಿ ೧೮ ಎಂದು ಬರೆದೆ. ಅವತ್ತು ಎಳ್ಳಮವಾಸಿ. ಊರವರೆಲ್ಲ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ ಉಣ್ಣುವ ದಿನ. ಮೈದಾನದ ಸುತ್ತ ಹೊಲಗಳೇ ಇರುವುದರಿಂದ ಜನ ತಾವಾಗಿಯೇ ಸೇರುತ್ತಾರೆ, ಮೈಕು ಹಚ್ಚಿ ಕರೆಯುವ ಕೆಲಸವಿಲ್ಲ. ಶರ್ಯತ್ತು ಬೆಳಿಗ್ಗೆ ಹತ್ತಕ್ಕೆ.

"ಭಲೆ ಮೇಡಂ" ಎಂದರು ಸಾಹೇಬರು. ಸಮಿತಿ ಅವತ್ತು ಬಾಗೇವಾಡಿಯ ಮೈದಾನ ನೋಡಿಕೊಂಡು ಇತ್ತ ಬರುತ್ತದೆ, ಅಲ್ಲಿಯವರಿಗೆ ಫೋನು ಮಾಡಿದರೆ ಅವರೂ ಖುಷಿ. ಚರಗದ ದಿನ ಅತಿಥಿಗಳು ಬರುವುದೆಂದರೆ ಸಾಮಾನ್ಯವೇ. ಮುರ್ತುಜಾಸಾಬನೂ "ಚೊಲೋನ ಆತ್ರಿ, ಸಾಹೇಬ್ರು ಬರೂ ಹಾದ್ಯಾಗ ಹೊಟ್ಟಿ ತುಂಬ ಉಂಡ ಬರ್ತಾರ" ಎಂದ. ಇಷ್ಟು ಜನಕ್ಕೆ ಒಟ್ಟಿಗೆ ಒಪ್ಪಿಗೆಯಾದ ತಾರೀಖು ನನ್ನ ನೌಕರಿಯಲ್ಲೇ ಬೇರೊಂದಿಲ್ಲ.

೧ ಡಿಸೆಂಬರ್, ಮಂಗಳವಾರ

ತಾಲೀಮು ನೋಡಿದೆ. ನಿಶಾನೆ ಬೀಸಿ ಓಟ ಬಿಡುವವಳು ನಾನೇ ಎಂದು ಸಾಹೇಬರು ತೀರ್ಮಾನಿಸಿದ್ದಾರೆ. ಹಸಿರು ಬಟ್ಟೆಯ ನಿಶಾನೆ, ಬಿದಿರಿನ ಕೋಲು.

ಮೋತಿಯಾ ಓಡಿದ್ದನ್ನು ಇವತ್ತು ಮೊದಲ ಸಲ ಕಂಡೆ. (ಆ ಬಿಳಿ ಕುದುರೆಯ ಹೆಸರು.) ಮುರ್ತುಜಾಸಾಬ ಚಾಬೂಕು ಎತ್ತಲೇ ಇಲ್ಲ, ನಾಲಿಗೆಯಿಂದ ಒಂದು ಸದ್ದು ಮಾಡಿದ ಅಷ್ಟೇ. ಕುತ್ತಿಗೆ ಚಾಚಿ, ಬಾಲ ಎತ್ತಿ, ಬಿಳಿಜೋಳದ ಹೊಲಗಳ ನಡುವೆ ಹೋಯಿತು ನೋಡಿ, ನನ್ನ ಬಾಯಿಂದ ನನಗೇ ತಿಳಿಯದೆ ಒಂದು ಕೂಗು ಬಂತು. ಭೀಮು ನನ್ನ ಮುಖ ನೋಡಿದ. ಧೂಳು ಗಂಟಲಿಗೆ ಹೋಯಿತೆಂದೆ.

ಹದಿಹರೆಯದ ಹುಡುಗರಂತೆ ಕೂಗುವ ವಯಸ್ಸೇ ಇದು?

೧೭ ಡಿಸೆಂಬರ್, ಗುರುವಾರ

ಎಲ್ಲ ಸಿದ್ಧ. ಸುಣ್ಣದ ಗೆರೆ ಹಾಕಿಸಿದೆ. ಜಾನುವಾರು ದವಾಖಾನೆಯ ಡಾಕ್ಟರು ಹನ್ನೊಂದೂ ಕುದುರೆಗೆ ಸರ್ಟಿಫಿಕೇಟು ಕೊಟ್ಟಿದ್ದಾರೆ. ಶಂಕ್ರೆವ್ವ ಶೇಂಗಾ ಹೋಳಿಗೆ, ಸಜ್ಜಿ ಕಡಬು, ಭರ್ತ ಮಾಡಲು ಬೆಳಗಿನಿಂದ ಒಲೆ ಮುಂದೆ ಕೂತಿದ್ದಾಳೆ. ನಾಳೆ ಚೆನ್ನಾಗಿ ಆಗಲಿ. ವರ್ಗಾವಣೆಗೆಂದಲ್ಲ, ಅದು ಹೇಗೂ ಆಗುತ್ತದೆ. ಆ ಹನ್ನೊಂದು ಮಂದಿ ಇವತ್ತು ಟಾಂಗಾದ ಗಾಲಿಗೆ ಬಣ್ಣ ಹಚ್ಚಿದ್ದಾರೆ.

೧೯ ಡಿಸೆಂಬರ್, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಬೆಳಿಗ್ಗೆ ಎದ್ದು ಮೊದಲಿನಿಂದ ಬರೆಯುತ್ತಿದ್ದೇನೆ.

ಒಂಬತ್ತೂವರೆಗೆ ಹನ್ನೊಂದು ಟಾಂಗಾಗಳೂ ಸುಣ್ಣದ ಗೆರೆಯ ಮೇಲೆ ನಿಂತಿದ್ದವು. ಸುತ್ತಲಿನ ಹೊಲಗಳಿಂದ ಜನ ಬಂದು ಬದುವಿನ ಮೇಲೆ ಕೂತಿದ್ದರು. ಹತ್ತಾಯಿತು, ಹನ್ನೊಂದಾಯಿತು, ಸಮಿತಿಯ ಸುದ್ದಿಯಿಲ್ಲ. ಸಾಹೇಬರು ಮೋಟಾರ್ ಸೈಕಲ್ ಹತ್ತಿ ಝಳಕಿಗೆ ಹೋಗಿ ಫೋನು ಮಾಡಿ ಬಂದರು. ಸಮಿತಿ ಬಾಗೇವಾಡಿ ತಾಲ್ಲೂಕಿನ ಮಸೂತಿ ಎಂಬ ಊರಿನ ಹತ್ತಿರ ಒಂದು ಹೊಲದಲ್ಲಿ ಊಟಕ್ಕೆ ಕೂತಿದೆಯಂತೆ.

ಆಗ ನನ್ನ ತಲೆಗೆ ಹೊಳೆಯಿತು. ಎಳ್ಳಮವಾಸಿಯ ದಿನ ದಾರಿಯಲ್ಲಿ ಹೋಗುವ ಯಾರನ್ನೂ ನಮ್ಮ ಜನ ಉಣಿಸದೆ ಬಿಡುವುದಿಲ್ಲ. ಅಪರಿಚಿತರನ್ನೇ ಬಿಡುವುದಿಲ್ಲ, ಇನ್ನು ಸರಕಾರಿ ಕಾರನ್ನು ಬಿಟ್ಟಾರೆಯೇ! ಒಬ್ಬರ ಹೊಲದಲ್ಲಿ ಉಂಡು ಮಗ್ಗುಲ ಹೊಲದವರನ್ನು ದಾಟಿ ಹೋದರೆ ಅವರಿಗೆ ಅವಮಾನ. ಬಾಗೇವಾಡಿಯಿಂದ ಇಂಡಿಯವರೆಗೆ ರಸ್ತೆಯ ಎರಡೂ ಬದಿ ಹೊಲಗಳೇ. ಇದು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಆದರೂ ಒಬ್ಬರಿಗೂ ನೆನಪಾಗಲಿಲ್ಲ, ತಾರೀಖು ಗೊತ್ತುಮಾಡಿದ ನನಗೂ.

ಅರ್ಧ ಗಂಟೆಗೊಮ್ಮೆ ಯಾರಾದರೂ ಓಡಿ ಬಂದು "ಬಂದ್ರು, ಬಂದ್ರು, ಝಳಕಿ ದಾಟಿದ್ರು!" ಎನ್ನುತ್ತಿದ್ದರು. ಬಿಚ್ಚಿದ ಗಾಡಿಗಳನ್ನು ಮತ್ತೆ ಹೂಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಹೀಗೆ ನಾಲ್ಕು ಸಲ ಆಯಿತು. ಡಿಸೆಂಬರ್ ಎಂದರೂ ನಮ್ಮ ಬಿಸಿಲು ಬಿಸಿಲೇ.

ಶುಕ್ರವಾರವಾದ್ದರಿಂದ ಒಂದು ಗಂಟೆಗೆ ಮುರ್ತುಜಾಸಾಬ ಜುಮ್ಮಾ ನಮಾಜಿಗೆ ಹೋಗಬೇಕಿತ್ತು. ಸುತ್ತ ನೋಡಿದ. ಎಲ್ಲರ ಕೈಯಲ್ಲೂ ಒಂದೊಂದು ಕುದುರೆ. ನೆಟ್ಟಗೆ ಬಂದು ಲಗಾಮನ್ನು ನನ್ನ ಕೈಗಿಟ್ಟ. "ಅರ್ಧಾ ತಾಸ ಹಿಡೀರಿ ಅಕ್ಕಾರ. ಅಕಿಗೆ ನೀವು ಗೊತ್ತದೀರಿ. ದಿನಾ ಬೆಲ್ಲಾ ಇಟ್ಟ ಹೋಗಾಕಿ ಯಾರಂತ ಅಕಿ ನೋಡ್ಯಾಳ."

ಬೇಡವೆನ್ನುವಷ್ಟರಲ್ಲಿ ಅವನು ಹೋಗಿಯಾಗಿತ್ತು. ತೋಳು ಉದ್ದಕ್ಕೆ ಚಾಚಿ, ಎಷ್ಟು ದೂರ ನಿಲ್ಲಲು ಸಾಧ್ಯವೋ ಅಷ್ಟು ದೂರ ನಿಂತೆ. ಸ್ವಲ್ಪ ಹೊತ್ತಿಗೆ ಮೋತಿಯಾ ಕುತ್ತಿಗೆ ಚಾಚಿ ನನ್ನ ಡೊಂಕು ಬೆರಳ ಮೇಲೆ ಉಸಿರು ಬಿಟ್ಟಳು. ಬಿಸಿ ಉಸಿರು. ಕಚ್ಚಲಿಲ್ಲ. ಚೀಲದಲ್ಲಿ ಬೆಲ್ಲ ಇರಲಿಲ್ಲ, ಇದ್ದಿದ್ದರೆ ಕೊಡುತ್ತಿದ್ದೆನೋ ಏನೋ. ಹಾಗೆ ನಿಂತಾಗಲೇ ಕಂಡದ್ದು: ಅವಳು ಎಡ ಮುಂಗಾಲು ಮುಂದಕ್ಕೆ ಚಾಚಿದ್ದಳು, ಅದರ ಮೇಲೆ ಭಾರ ಇರಲಿಲ್ಲ. "ಮೋತಿಯಾ" ಎಂದು ಕರೆದೆ. ಕಿವಿ ತಿರುಗಲಿಲ್ಲ.

ನಮಾಜು ಮುಗಿಸಿ ಬಂದವನಿಗೆ ಹೇಳಿದೆ. ಅವನು ಕೂತು ಕಾಲು ಸವರಿದ, ಒಂದು ಕಡೆ ಬಿಸಿಯಾಗಿದೆಯೆಂದ. ನಾಲ್ಕು ಸಲ ಹೂಡಿ ಬಿಚ್ಚುವಾಗ ಎಲ್ಲೋ ಉಳುಕಿರಬೇಕು. ಒದ್ದೆ ಅರಿವೆ ಸುತ್ತಿದ.

ಸಮಿತಿ ಬಂದಾಗ ಐದು ಗಂಟೆ ಹತ್ತು ನಿಮಿಷ. ಐದೂ ಜನ ಸದಸ್ಯರು ಕಾರಿನಿಂದ ಕೈ ಹಿಡಿದು ಇಳಿಸಬೇಕಾದ ಸ್ಥಿತಿಯಲ್ಲಿದ್ದರು. ಒಂಬತ್ತು ಹೊಲದಲ್ಲಿ ಉಂಡಿದ್ದರಂತೆ. ಅಧ್ಯಕ್ಷರು ಮೈಸೂರು ಕಡೆಯ ಹಿರಿಯರು. "ಬೆಳಕಿರುವಾಗಲೇ ಒಂದು ಸುತ್ತು ಓಡಿಸಿಬಿಡಿ, ಹತ್ತು ನಿಮಿಷ ಸಾಕು" ಎಂದರು.

ಎಲ್ಲರೂ ಮುರ್ತುಜಾಸಾಬನ ಕಡೆ ನೋಡಿದರು. ಅವನು ಮೋತಿಯಾಳ ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತು, ತಿರುಗಿ ಬಂದ.

"ಇಲ್ರಿ ಸಾಹೇಬ್ರ. ಅಕಿ ಒಲ್ಲೆ ಅಂತಾಳ."

ಶ್ರೀಶೈಲ ಸಾಹೇಬರ ಮುಖ ಸಪ್ಪಗಾಯಿತು. "ಸಾಬ್ರ, ಒಂದs ಸುತ್ತರಿ! ನಿಮ್ಮ ಸಲುವಾಗೇ ಇಷ್ಟೆಲ್ಲಾ ಮಾಡೀವಿ. ಇವತ್ತ ತೋರಿಸಲಿಲ್ಲಂದ್ರ ಕಾನೂನಿನಾಗ ನಿಮ್ಮ ಶರ್ಯತ್ತ ಇರಂಗಿಲ್ಲ. ಕೈ ಮುಗೀತೇನಿ."

ಮುರ್ತುಜಾಸಾಬ ತಲೆ ತಗ್ಗಿಸಿದ. ಆಗ ಸೋಮನಿಂಗನೆಂಬ ಟಾಂಗಾದವನು "ನಂದು ಓಡತೈತ್ರಿ" ಎಂದ. ಅವನ ಧ್ವನಿಯಲ್ಲೇ ಅಳುಕಿತ್ತು. ಸಾಹೇಬರಿಗೆ ಜೀವ ಬಂದ ಹಾಗಾಗಿ ನನ್ನ ಕಡೆ ತಿರುಗಿ, "ಉಳದ ಹತ್ತs ಓಡ್ಲಿ. ಮೇಡಂ, ನಿಶಾನಿ ಎತ್ರಿ" ಎಂದರು.

ನಿಶಾನೆ ನನ್ನ ಕೈಯಲ್ಲಿತ್ತು. ಸೋಮನಿಂಗನ ಕುದುರೆಯನ್ನು ನೋಡಿದೆ. ಕಿವಿಗಳೆರಡೂ ಎರಡು ಕಡೆ ಜೋತುಬಿದ್ದಿದ್ದವು. ಬೆಳಗಿನಿಂದ ನಿಂತದ್ದು ಅವೆಲ್ಲವೂ ತಾನೆ. ಇಪ್ಪತ್ತೆಂಟು ವರ್ಷ ಮೇಲಿನವರು ಎತ್ತು ಎಂದದ್ದನ್ನು ಎತ್ತಿದ್ದೇನೆ, ಇಳಿಸು ಎಂದದ್ದನ್ನು ಇಳಿಸಿದ್ದೇನೆ. ಒಂದೇ ಒಂದು ಸಹಿ ಹಾಕಲಿಲ್ಲವೆಂದು ಇಲ್ಲಿಗೆ ಬಂದವಳು. ಇನ್ನೆಲ್ಲಿಗೆ ಕಳಿಸುತ್ತಾರೆ? ನಿಶಾನೆಯ ಬಟ್ಟೆಯನ್ನು ಕೋಲಿಗೆ ಸುತ್ತಿದೆ.

"ಇವತ್ತ ಶರ್ಯತ್ತ ಇಲ್ರಿ."

ಬದುವಿನ ಮೇಲಿನ ಜನ ಗದ್ದಲ ಎಬ್ಬಿಸಿದರು. ಸೋಮನಿಂಗ ಗಾಡಿ ಬಿಚ್ಚತೊಡಗಿದ. ಅಧ್ಯಕ್ಷರು ಬೇಸರದಿಂದಲೇ ಕೇಳಿದರು: "ಯಾವ ನಿಯಮದ ಪ್ರಕಾರ ನಿಲ್ಲಿಸಿದಿರಮ್ಮ? ನೀವು ಕಳಿಸಿದ ಅನುಬಂಧ ನಾನು ಓದಿದ್ದೇನೆ. ಅದರಲ್ಲಿ ಮೂರೇ ನಿಯಮ ಇರೋದು."

ಚೀಲದಿಂದ ಕರಡು ತೆಗೆದುಕೊಟ್ಟೆ. "ನಾಲ್ಕಿದ್ದವು ಸರ್. ನಾಲ್ಕನೆಯದನ್ನು ನಾನೇ ಹೊಡೆದು ಹಾಕಿದೆ. ತಾವು ನಗುತ್ತೀರೆಂದು."

ಅವರು ಕನ್ನಡಕ ಹಾಕಿಕೊಂಡು, ಅಡ್ಡಗೆರೆಯ ಕೆಳಗಿನ ಅಕ್ಷರಗಳನ್ನು ಮುಳುಗುವ ಬಿಸಿಲಿಗೆ ಹಿಡಿದು ಓದಿದರು. ನಗಲಿಲ್ಲ. "ಇದು ನನ್ನ ಹತ್ತಿರ ಇರಲಿ" ಎಂದು ಜೇಬಿಗೆ ಹಾಕಿಕೊಂಡರು. ಮೋತಿಯಾಳ ಹತ್ತಿರ ಹೋಗಿ, ಚಾಚಿದ ಕಾಲು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಾರು ಹತ್ತಿ ಹೋದರು. ಶಂಕ್ರೆವ್ವನ ಹೋಳಿಗೆ ಮುಟ್ಟಲೂ ಇಲ್ಲ.

ಎಲ್ಲ ಹಾಳು ಮಾಡಿದೆ. ತಾರೀಖು ನನ್ನದು, ನಿಯಮ ಹೊಡೆದದ್ದು ನಾನು, ನಿಶಾನೆ ಸುತ್ತಿದ್ದೂ ನಾನೇ. ಹೋಳಿಗೆಯನ್ನು ಹನ್ನೊಂದು ಮಂದಿಗೆ ಬಡಿಸಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೨೪ ಡಿಸೆಂಬರ್

ಸಾಹೇಬರು ಮಾತು ಬಿಟ್ಟಿದ್ದಾರೆ. ಮೋತಿಯಾಳ ಕಾಲಿನ ಬಾವು ಇಳಿದಿದೆ.

೯ ಜನವರಿ ೧೯೯೯, ಶನಿವಾರ

ವಿಜಾಪುರದಲ್ಲಿದ್ದೇನೆ. ದಾನೇಶ್ವರಿಗೆ ಹೆಣ್ಣುಕೂಸು. ತಾಯಿ, ಮಗು ಇಬ್ಬರೂ ಕ್ಷೇಮ. ಕೂಸು ನನ್ನ ಡೊಂಕು ಬೆರಳನ್ನೇ ಹುಡುಕಿ ಹಿಡಿದು, ಎಷ್ಟು ಹೊತ್ತಾದರೂ ಬಿಡಲಿಲ್ಲ. ಇಷ್ಟು ಸುಖ ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ಯವ್ವಾ, ಇಲ್ಲಿಗೆ ಯಾವಾಗ ಬರ್ತಿ?" ಎಂದು ಕೇಳಿದಳು. ಫೈಲು ಒಂದು ದಡ ಸೇರಲಿ ಎಂದೆ. "ಶರ್ಯತ್ತs ಆಗಲಿಲ್ಲ, ಇನ್ನೆಂಥಾ ಫೈಲು?" ಎಂದಳು.

೨೦ ಜನವರಿ, ಬುಧವಾರ

ಇವತ್ತು ರಮಜಾನ್ ಹಬ್ಬ. ಮುರ್ತುಜಾಸಾಬ ಹೊಸ ಅಂಗಿ ತೊಟ್ಟು ಒಂದು ಡಬ್ಬಿ ಶಾವಿಗೆಯ ಸುರಕುಂಬಾ ತಂದುಕೊಟ್ಟ. ತಿಂಗಳ ರೋಜಾದಲ್ಲಿ ಇನ್ನೂ ಸೊರಗಿದ್ದಾನೆ. ಮೀರಜದ ವ್ಯಾಪಾರಿ ಎರಡು ಸಲ ಬಂದು ಮೋತಿಯಾಳ ಹಲ್ಲು ನೋಡಿ ಹೋದನಂತೆ.

"ಹಬ್ಬಾ ಆಗಲಿ ಅಂದೇನ್ರಿ. ಹಬ್ಬಾ ಇವತ್ತ ಆತು. ಇನ್ನ ಏನ ಹೇಳ್ಲಿ?"

"ನಾನು ಅವತ್ತು ನಿಶಾನೆ ಎತ್ತಬೇಕಿತ್ತೇನು?" ಎಂದು ಕೇಳಿಯೇ ಬಿಟ್ಟೆ. ಒಂದು ತಿಂಗಳಿಂದ ಗಂಟಲಲ್ಲಿದ್ದ ಮಾತು.

ಅವನಿಗೆ ಸಿಟ್ಟೇ ಬಂತು. "ಎತ್ತಿದ್ರ ಅಕಿ ಓಡ್ತಿದ್ಲರಿ. ನಾ ಓಡು ಅಂದ್ರ ಸಾಯೂಮಟಾ ಓಡ್ತಾಳ. ಅದಕ್ಕs ಅನಬಾರ್ದು. ಹಂತಾ ಮಾತ ಮತ್ತ ಕೇಳಬ್ಯಾಡ್ರಿ."

ಸಮಿತಿಯ ವರದಿ ಬರಲಿ, ಫೆಬ್ರವರಿ ಮೊದಲ ವಾರದತನಕ ತಡೆಯಿರಿ ಎಂದು ಹೇಳಿದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ತಿಳಿಯದು. ಸುರಕುಂಬಾ ಬಹಳ ಚೆನ್ನಾಗಿತ್ತು, ಒಬ್ಬಳೇ ಡಬ್ಬಿ ಖಾಲಿ ಮಾಡಿದೆ.

೨೯ ಜನವರಿ

ಟಪಾಲು ಇಲ್ಲ. ಭೀಮುವನ್ನು ದಿನಕ್ಕೆ ಮೂರು ಸಲ ಪೋಸ್ಟ್ ಆಫೀಸಿಗೆ ಓಡಿಸುತ್ತಿದ್ದೇನೆ. "ಯಾರದರೆ ಲಗ್ನಪತ್ರಿಕಿ ಬರೂದೈತೇನ್ರಿ?" ಎಂದು ಕೇಳುತ್ತಾನೆ, ಖೋಡಿ.

೫ ಫೆಬ್ರವರಿ, ಶುಕ್ರವಾರ

ಬಂತು!

ಸಮಿತಿಯ ವರದಿ, ಅರವತ್ತೆರಡು ಪುಟ. ನಿಂತಲ್ಲೇ ಓದಿದೆ. ಟಾಂಗಾ ಶರ್ಯತ್ತನ್ನು ಮಸೂದೆಯಲ್ಲಿ ಉಳಿಸಿಕೊಂಡಿದ್ದಾರೆ. ಮೊದಲನೆಯ ಚಾಂಪಿಯನ್‌ಷಿಪ್ಪಿನ ಆತಿಥ್ಯ ಇಂಡಿಗೇ ಕೊಡಬೇಕೆಂದು ಶಿಫಾರಸು. ಮುಂದಿನ ಅಧಿವೇಶನದಲ್ಲಿ ಮಸೂದೆ ಮತಕ್ಕೆ ಬರಬೇಕು, ಅದಿನ್ನೂ ಬಾಕಿ ಇದೆ. ಆದರೆ ಸಮಿತಿಯಲ್ಲಿ ಎದುರು ಪಕ್ಷದವರೂ ಸಹಿ ಹಾಕಿದ್ದಾರೆ. ಹೊಸದಾಗಿ ಸೇರಿಸಿದ ಒಂದು ಕಲಮನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ:

'೭. ಓಟದ ಯಾವುದೇ ಹಂತದಲ್ಲಿ, ಕುದುರೆಯು ಓಡಲೊಲ್ಲದು ಎಂದು ಅದರ ಚಾಲಕನು ಹೇಳಿದಲ್ಲಿ ಆ ಮಾತೇ ಅಂತಿಮವಾಗಿರತಕ್ಕದ್ದು. ಸಂಘಟಕರಾಗಲಿ, ಅಧಿಕಾರಿಗಳಾಗಲಿ, ಜನಪ್ರತಿನಿಧಿಗಳಾಗಲಿ ಅವನನ್ನು ಒತ್ತಾಯಿಸತಕ್ಕದ್ದಲ್ಲ.'

ಕೆಳಗೆ ಸಣ್ಣ ಅಕ್ಷರದಲ್ಲಿ: 'ಆಧಾರ: ಇಂಡಿ, ೧೮-೧೨-೯೮. ಓಟ ನಡೆಯಲಿಲ್ಲ.'

ಕಣ್ಣು ತುಂಬಿ ಬಂತು. ಯಾರು ನೋಡಿದರೆ ನೋಡಲಿ ಎಂದು ಅತ್ತೆ.

ಸಾಹೇಬರು ಪೇಢೆ ತರಿಸಿದರು. ಒಂದೂವರೆ ತಿಂಗಳ ಮೇಲೆ ಮಾತಾಡಿದರು. "ಮೇಡಂ, ನಾ ಅವತ್ತ ದುಡಕಿದ್ನಿ. ನಿಮ್ಮ ಶಿಫಾರಸ್ ಇವತ್ತs ಬರದಬಿಡ್ಲೇನ್ರಿ?" ಮೊದಲು ಮೈದಾನಕ್ಕೆ ಬೋರ್‌ವೆಲ್ ಮಂಜೂರು ಮಾಡಿರಿ, ಕುದುರೆಗಳಿಗೆ ನೀರಿಲ್ಲ ಎಂದೆ. ಆಮೇಲೆ ನೆನಪಾಯಿತು, ಅರ್ಜಿ ಇನ್ನೂ ಡ್ರಾಯರಿನಲ್ಲೇ ಇದೆ. ಎಲ್ಲಿ ಹೋಗುತ್ತದೆ, ಇರಲಿ.

ವರದಿ ಹಿಡಿದು ನಿಲ್ದಾಣಕ್ಕೆ ನಡೆದೆ. ಹನ್ನೊಂದೂ ಮಂದಿ ಸುತ್ತ ನೆರೆದರು. ಏಳನೆಯ ಕಲಮನ್ನು ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಓದಿದೆ. ಮುರ್ತುಜಾಸಾಬ ಗಡ್ಡ ನೀವಿಕೊಂಡ.

"ಬೇಷ್ ಬರದಾರ್ರಿ. ಖರೆ ಒಂದ ತಪ್ಪೈತಿ."

"ಏನು ತಪ್ಪು?"

"ಮಾತ ನಂದು ಅಂತ ಬರದಾರ. ನಂದಲ್ರಿ ಅಕ್ಕಾರ, ಅಕೀದು. ಅಕಿ ಹೇಳಿದ್ದನ್ನ ನಾ ಬರೇ ಮುಟ್ಟಿಸಿದ್ನಿ."

ಮೀರಜದ ವ್ಯಾಪಾರಿಗೆ ಇನ್ನು ಬರಬೇಡವೆಂದು ಕಾಗದ ಬರೆಯಬೇಕಂತೆ. ಅಲ್ಲಿಯೇ ಕಟ್ಟೆಯ ಮೇಲೆ ಕೂತು ನಾನೇ ಬರೆದುಕೊಟ್ಟೆ.

೮ ಫೆಬ್ರವರಿ, ಸೋಮವಾರ

ಆಫೀಸಿನ ಮೆಟ್ಟಿಲು ಹತ್ತುವಾಗ ಚೀಲದಲ್ಲಿ ಬೆಲ್ಲ ಇಲ್ಲದ್ದು ಗೊತ್ತಾಯಿತು. ತಿರುಗಿ ಮನೆಗೆ ಹೋಗಿ ತಂದೆ. ಕಟ್ಟೆಯ ಮೇಲೆ ಇಡಲು ಹೋದರೆ ಮೋತಿಯಾ ಆಗಲೇ ಕುತ್ತಿಗೆ ಚಾಚಿದ್ದಳು. ಅಂಗೈ ಬಿಚ್ಚಿದೆ. ತುಟಿ ಮೆತ್ತಗೆ, ಸ್ವಲ್ಪ ಒದ್ದೆ. ಬೆರಳು ಎಣಿಸಿಕೊಂಡೆ, ಐದೂ ಇವೆ.

ಹತ್ತು ನಿಮಿಷ ತಡವಾಯಿತು. ತಡವಾಗಿ ಬಂದವರು ಹಾಜರಿ ಪುಸ್ತಕದಲ್ಲಿ ಕಾರಣ ಬರೆಯಬೇಕೆಂಬ ನಿಯಮ ಈ ಆಫೀಸಿಗೆ ತಂದವಳು ನಾನೇ. ಭೀಮು ಪುಸ್ತಕ ಹಿಡಿದುಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. 'ಬೆಲ್ಲ' ಎಂದು ಬರೆದು ಸಹಿ ಮಾಡಿದೆ.